ಚೊಕ್ಕ ಮಾಡಲು ಹೋಗಿ

ಲಿನಕ್ಸ್ ಹಚ್ಚಿಕೊಂಡವರ ಹೋಮ್ ಫೋಲ್ಡರಿನಲ್ಲಿ ಸಾಮಾನ್ಯವಾಗಿ ‘ಬಿನ್’ ಅಂತ ಒಂದು ಫೋಲ್ಡರ್ ಇರುತ್ತದೆ. ಅದರೊಳಗಿನವೆಲ್ಲ ಅವರೇ ಬರೆದುಕೊಂಡ ಪುಟ್ಟ ಕಮಾಂಡುಗಳು. ನನ್ನದರಲ್ಲಿ ಸ್ಕ್ಯಾನ್ ಮಾಡಿದ ಪುಟಗಳನ್ನು ಜೋಡಿಸಿ ಒಂದೇ ಪಿಡಿಎಫ್ ಮಾಡುವುದೊಂದಿದೆ, ಫೋನಿನ ಫೋಟೊಗಳನ್ನು ವರ್ಷ, ತಿಂಗಳ ಪ್ರಕಾರ ವಿಂಗಡಿಸುವುದೊಂದಿದೆ, ಹಾಡುಗಳ ದನಿ ಏರಿಳಿತವನ್ನು ಒಂದೇ ಮಟ್ಟಕ್ಕೆ ತರುವುದೊಂದಿದೆ. ಯಾವುದೂ ಇಪ್ಪತ್ತು ಮೂವತ್ತು ಸಾಲು ದಾಟುವುದಿಲ್ಲ. ಟರ್ಮಿನಲ್ ತೆರೆದು ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ನನಗೆ ಬೇಕಾದ ಉಪಕರಣವನ್ನು ನಾನೇ ಮಾಡಿಕೊಂಡೆ ಎನ್ನುವ ಸಂತೋಷ ಇವತ್ತಿಗೂ ನನ್ನಲ್ಲಿ ಕಡಿಮೆಯಾಗಿಲ್ಲ. ಅಂಥ ಉಪಕರಣಗಳಲ್ಲಿ ಒಂದಕ್ಕೆ ‘ಚೊಕ್ಕ’ ಎಂದು ಹೆಸರಿಟ್ಟಿದ್ದೆ. ನನ್ನ ಸೋದರಮಾವ ವರ್ಷಗಟ್ಟಲೆ ಹಳ್ಳಿ ಹಳ್ಳಿ ತಿರುಗಿ ರೆಕಾರ್ಡ್ ಮಾಡಿದ್ದ ಹಾಡುಗಳಲ್ಲಿ ದೊಡ್ಡ ಪಾಲು ಅದರಿಂದ ಹಾಳಾಯಿತು. ಬರೆದವನೂ ನಾನೇ, ಓಡಿಸಿದವನೂ ನಾನೇ.

ಚೊಕ್ಕ ಮಾಡುತ್ತಿದ್ದ ಕೆಲಸ ಇಷ್ಟು: ಫೈಲುಗಳ ಹೆಸರನ್ನು ಹಸನು ಮಾಡುವುದು. ಹೆಸರಿನ ನಡುವೆ ಸ್ಪೇಸ್ ಇದ್ದರೆ, ಬರೆಯುವವರು ಉದ್ಧರಣ ಚಿಹ್ನೆ ಹಾಕುವುದನ್ನು ಮರೆತಲ್ಲಿ, ಕಮಾಂಡುಗಳನ್ನು ಓದಿ ನಡೆಸುವ ಶೆಲ್ ಆ ಒಂದು ಹೆಸರನ್ನು ಎರಡಾಗಿ ಓದುತ್ತದೆ. ಆವರಣ, ಆಶ್ಚರ್ಯಸೂಚಕ, ಡಾಲರ್ ಗುರುತು ಇವಕ್ಕೆಲ್ಲ ಶೆಲ್‌ನಲ್ಲಿ ಬೇರೆ ಅರ್ಥಗಳಿವೆ. ಇಳಿಸಿಕೊಂಡ ಪುಸ್ತಕ, ಹಾಡುಗಳ ಹೆಸರಲ್ಲಿ ಇವೆಲ್ಲ ತುಂಬಿಕೊಂಡು ಬರುತ್ತಿದ್ದವು. ನನ್ನ ಮಿಕ್ಕ ಸ್ಕ್ರಿಪ್ಟುಗಳು ಅಲ್ಲಲ್ಲಿ ಎಡವುತ್ತಿದ್ದವು. ಹಾಗಾಗಿ ಚೊಕ್ಕ ಮೊದಲು ಸ್ಪೇಸ್ ಇದ್ದಲ್ಲೆಲ್ಲ ಅಂಡರ್‌ಸ್ಕೋರ್ ಹಾಕುತ್ತಿತ್ತು. ಆಮೇಲೆ ‘ಟಿಆರ್’ ಎಂಬ ಕಮಾಂಡಿಗೆ ಹೆಸರನ್ನು ಕೊಟ್ಟು, ಇಂಗ್ಲಿಷಿನ ಎ ಯಿಂದ ಝಡ್‌ವರೆಗಿನ ಅಕ್ಷರ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಚುಕ್ಕಿ, ಹೈಫನ್, ಅಂಡರ್‌ಸ್ಕೋರ್ ಇಷ್ಟನ್ನು ಉಳಿಸಿ ಬೇರೆಯದನ್ನೆಲ್ಲ ತೆಗೆದುಹಾಕು ಎನ್ನುತ್ತಿತ್ತು. ತುದಿಯಲ್ಲಿ ಉಳಿದ ಅಂಡರ್‌ಸ್ಕೋರ್‌ಗಳನ್ನು ಕತ್ತರಿಸಿ, ಕೊನೆಗೆ ‘ಎಂವಿ’ ಕಮಾಂಡಿನಿಂದ ಹೊಸ ಹೆಸರು ಕೊಡುತ್ತಿತ್ತು. ವರ್ಷಗಳ ಕಾಲ ಒಂದು ದೂರೂ ಇಲ್ಲದೆ ನಡೆಯಿತು. ಅಷ್ಟು ಕಾಲ ಅದರ ಕೈಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್ ಹೆಸರಿನ ಫೈಲುಗಳು.

ಮಾವ ನಿವೃತ್ತ ಮೇಷ್ಟ್ರು. ನಾಗಮಂಗಲ, ಮದ್ದೂರು ಸುತ್ತಿನ ಹಳ್ಳಿಗಳಲ್ಲಿ ಸೋಬಾನೆ ಪದ, ಬೀಸುವ ಪದ, ಕೋಲಾಟದ ಪದ ಬಲ್ಲ ಅಜ್ಜಿಯರನ್ನು ಹುಡುಕಿಕೊಂಡು ಹೋಗಿ, ಅವರ ಜಗಲಿಯ ಮೇಲೆ ಕೂತು, ಪುಟ್ಟ ರೆಕಾರ್ಡರಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ರಾಗಿ ಬೀಸುವ ಕಲ್ಲು ಮನೆಯ ಮೂಲೆ ಸೇರಿ ಮಿಲ್ಲು ಬಂದ ಮೇಲೆ ಬೀಸುವ ಪದ ಹಾಡುವ ಹೊತ್ತೇ ಇಲ್ಲವಾಯಿತು. ಅದನ್ನು ಕೆಲಸದ ಜೊತೆ ಹಾಡಿ ಬಲ್ಲವರು ಈಗ ತೀರಾ ವಯಸ್ಸಾದವರು ಮಾತ್ರ. ಮಾವ ಇದನ್ನು ಯಾವ ಸಂಸ್ಥೆಗಾಗಿಯೂ ಮಾಡುತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಮನೆಗೆ ಬಂದು ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ, ಕನ್ನಡದಲ್ಲೇ ಹೆಸರು ಟೈಪ್ ಮಾಡಿ, ಊರಿಗೊಂದು ಫೋಲ್ಡರ್ ಮಾಡಿ ಮೆಮೊರಿ ಕಾರ್ಡಿನಲ್ಲಿ ಇಡುತ್ತಿದ್ದರು. ‘ಬೀಸುವ ಪದ ೧’, ‘ಬೀಸುವ ಪದ ೨’, ‘ಸೋಬಾನೆ ಹೆಣ್ಣು ಒಪ್ಪಿಸುವಾಗ’, ಹೀಗೆ.

‘ಕಾರ್ಡು ನಿನ್ನ ಹತ್ರ ಇರ್ಲಿ ಕಣಪ್ಪ, ಒಂದು ಕಾಪಿ ಮಾಡಿಟ್ಕೊ. ದನಿ ಕೆಲವು ಕಡೆ ತೀರಾ ಮೆತ್ತಗಿದೆ, ಸರಿ ಮಾಡೋಕಾಗುತ್ತಾ ನೋಡು’ ಎಂದು ಕೊಟ್ಟರು.

ಮೊದಲು ಕಾಪಿ ಮಾಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇತ್ತು. ಆಮೇಲೆ ಮಾಡಿದರಾಯಿತು ಎಂದುಕೊಂಡೆ. ದನಿ ಸರಿ ಮಾಡುವ ನನ್ನ ಸ್ಕ್ರಿಪ್ಟ್ ಸ್ಪೇಸ್ ಇರುವ ಹೆಸರುಗಳನ್ನು ಕಂಡು ನಿಂತುಬಿಟ್ಟಿತು. ಎರಡನೇ ಯೋಚನೆ ಇಲ್ಲದೆ ಇಡೀ ಕಾರ್ಡಿನ ಮೇಲೆ ಚೊಕ್ಕವನ್ನು ಓಡಿಸಿದೆ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯಿತು. ತೆರೆಯ ಮೇಲೆ ಒಂದು ಸಾಲೂ ಬರಲಿಲ್ಲ. ನಾಗಮಂಗಲದ ಕಡೆಯ ಒಂದು ಹಳ್ಳಿಯ ಫೋಲ್ಡರ್ ತೆರೆದೆ, ಖಾಲಿ ಕಂಡಿತು. ಮುಂದೆ ರೆಕಾರ್ಡ್ ಮಾಡುವುದಕ್ಕೆಂದು ಮಾವ ಮೊದಲೇ ಫೋಲ್ಡರ್ ಮಾಡಿಟ್ಟಿರಬೇಕು ಎಂದು ತಿಳಿದೆ. ಮಿಕ್ಕವನ್ನು ತೆರೆಯಲಿಲ್ಲ. ಅಷ್ಟರಲ್ಲಿ ಮಾವನ ಮನೆಯಿಂದ ಫೋನು: ಮೊಮ್ಮಗಳ ನಾಮಕರಣದ ವಿಡಿಯೊವನ್ನೂ ಅದೇ ಕಾರ್ಡಿಗೆ ಹಾಕಿ ತಾ, ಟಿವಿಯಲ್ಲಿ ನೋಡೋಣ ಎಂದು. ದೊಡ್ಡ ವಿಡಿಯೊ. ಹಿಡಿಸುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಹಿಡಿಸಿತು. ಹಿಡಿಸಿತಲ್ಲ ಎಂದು ಸಮಾಧಾನಪಟ್ಟೆನೇ ಹೊರತು ತುಂಬಿದ್ದ ಕಾರ್ಡಿನಲ್ಲಿ ಜಾಗ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಆ ಒಂದು ಪ್ರಶ್ನೆಯನ್ನು ಆಗ ಕೇಳಿಕೊಂಡಿದ್ದರೆ ಮಾವನ ಹಾಡುಗಳು ಹೆಚ್ಚುಕಡಿಮೆ ಎಲ್ಲವೂ ವಾಪಸ್ಸು ಸಿಗುತ್ತಿದ್ದವು.

ಗೊತ್ತಾದದ್ದು ಅವರ ಮನೆಯಲ್ಲಿ. ವಿಡಿಯೊ ನೋಡಿ ಮುಗಿಸಿ, ಮಾವ ಹಾಡು ಹಾಕು ಎಂದರು. ಹಾಡು ಕಾಣಲಿಲ್ಲ. ಲ್ಯಾಪ್‌ಟಾಪಿಗೆ ಕಾರ್ಡ್ ಸಿಕ್ಕಿಸಿ, ಅಡಗಿದ ಫೈಲುಗಳನ್ನೂ ತೋರಿಸುವ ಆಯ್ಕೆ ಕೊಟ್ಟು ‘ಎಲ್‌ಎಸ್’ ಮಾಡಿದೆ. ಆ ಹಳ್ಳಿಯ ಫೋಲ್ಡರಿನಲ್ಲಿ ಒಂದೇ ಒಂದು ಫೈಲ್ ಇತ್ತು. ಅದರ ಹೆಸರು ‘.ಎಂಪಿ3’. ಅಷ್ಟೆ: ಒಂದು ಚುಕ್ಕಿ, ಆಮೇಲೆ ಎಂಪಿ3.

ಏನಾಗಿದೆ ಎಂದು ಅರ್ಥವಾಗಲು ಆ ಒಂದು ಹೆಸರು ಸಾಕಾಯಿತು. ಗ್ನೂ ಯೋಜನೆಯ ಟಿಆರ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು, ಮೂರೂ 127ಕ್ಕಿಂತ ಮೇಲಿನವು. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೆ. ಇಂಗ್ಲಿಷ್ ಬಿಟ್ಟು ಮಿಕ್ಕದ್ದನ್ನು ತೆಗೆ ಎಂದು ನಾನು ಹೇಳಿದ್ದೆ. ಅದು ಕನ್ನಡವನ್ನು ಒಂದು ಕೊಂಬೂ ಉಳಿಯದಂತೆ ತೆಗೆದಿತ್ತು. ‘ಬೀಸುವ ಪದ ೧.ಎಂಪಿ3’ ಎನ್ನುವುದರಲ್ಲಿ ಕನ್ನಡ ಹೋಗಿ, ಅಂಡರ್‌ಸ್ಕೋರ್ ಹೋಗಿ, ಉಳಿದದ್ದು ‘.ಎಂಪಿ3’. ಮುಂದಿನ ಹಾಡಿಗೂ ಅದೇ ಹೆಸರು, ಅದರ ಮುಂದಿನದಕ್ಕೂ ಅದೇ. ಪ್ರತಿ ಹಾಡೂ ತನ್ನ ಹಿಂದಿನದರ ಮೇಲೆ ಕೂತು ಅದನ್ನು ಅಳಿಸುತ್ತಾ ಹೋಗಿ, ಸಾಲಿನ ಕಡೆಯದು ಮಾತ್ರ ಉಳಿದಿತ್ತು. ಹೆಸರು ಚುಕ್ಕಿಯಿಂದ ಶುರುವಾದದ್ದರಿಂದ ಲಿನಕ್ಸ್ ಅದನ್ನೂ ಅಡಗಿಸಿಟ್ಟಿತ್ತು. ಮದ್ದೂರು ಕಡೆಯ ಫೋಲ್ಡರಿನಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಮಾವ ಕನ್ನಡ ಅಂಕಿಯ ಬದಲು 1, 2, 3 ಎಂದು ಹಾಕಿದ್ದರು. ಹಾಗಾಗಿ ‘1.ಎಂಪಿ3’, ‘2.ಎಂಪಿ3’ ಎಂದು ಕೆಲವು ಉಳಿದಿದ್ದವು. ಆದರೆ ಬೀಸುವ ಪದ 1, ಸೋಬಾನೆ 1 ಎರಡಕ್ಕೂ ಒಂದೇ ಹೊಸ ಹೆಸರು. ಅಕಾರಾದಿಯಲ್ಲಿ ಸಕಾರ ಬಕಾರದ ನಂತರ ಬರುವುದರಿಂದ ಸೋಬಾನೆ ಉಳಿದು ಬೀಸುವ ಪದ ಹೋಗಿತ್ತು.

ಇದರಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಒಂದಿದೆ. ಕನ್ನಡದ ಹೆಸರು ಇಟ್ಟುಕೊಳ್ಳಲು ಲಿನಕ್ಸಿನ ಕಡೆಯಿಂದ ಯಾವ ಅಡ್ಡಿಯೂ ಇರಲಿಲ್ಲ. ಅದರ ತಿರುಳಾದ ಕರ್ನೆಲ್‌ಗೆ ಫೈಲಿನ ಹೆಸರೆಂದರೆ ಬೈಟುಗಳ ಸಾಲು. ಅದರಲ್ಲಿ ಬರಕೂಡದವು ಎರಡೇ: ಓರೆಗೀಟು ಮತ್ತು ಶೂನ್ಯ ಬೈಟ್. ಯುಟಿಎಫ್-8ಅನ್ನು 1992ರಲ್ಲಿ ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್, ಬೇರೆ ಲಿಪಿಗಳ ಅಕ್ಷರದೊಳಗೆ ಎಂದೂ ಆ ಓರೆಗೀಟಿನ ಬೈಟಾಗಲಿ ಶೂನ್ಯ ಬೈಟಾಗಲಿ ಬಾರದಂತೆ ಅದನ್ನು ಕಟ್ಟಿದರು. ಆದ್ದರಿಂದಲೇ ಯುನಿಕ್ಸ್ ಪರಂಪರೆಯ ಕರ್ನೆಲ್‌ಗಳನ್ನು ಬದಲಿಸದೆ ಕನ್ನಡದಲ್ಲೂ ಫೈಲಿಗೆ ಹೆಸರಿಡಬಹುದಾಯಿತು. ಅಮೆರಿಕದಲ್ಲಿ ಕೂತ ಇಬ್ಬರು ನಮ್ಮ ಲಿಪಿಗೆ ಜಾಗ ಬಿಟ್ಟಿದ್ದರು. ನಾಗಮಂಗಲದ ರಕ್ತಸಂಬಂಧ ಇರುವ ನಾನು, ಕನ್ನಡದಲ್ಲೇ ಹೆಸರಿಟ್ಟ ಸ್ಕ್ರಿಪ್ಟಿನಲ್ಲಿ, ಕನ್ನಡವನ್ನು ಕಸವೆಂದು ಎಣಿಸಿದ್ದೆ. ಬರೆಯುವಾಗ ಹಾಗೆಂದು ತೀರ್ಮಾನಿಸಿರಲಿಲ್ಲ. ಕನ್ನಡದ ಹೆಸರು ಬರಬಹುದು ಎಂಬುದು ತಲೆಗೆ ಬಂದೇ ಇರಲಿಲ್ಲ.

ಇನ್ನು ಎಂವಿ. ಹೊಸ ಹೆಸರಿನ ಫೈಲ್ ಆಗಲೇ ಇದ್ದರೆ ಅದನ್ನು ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸುವುದು ಎಂವಿಯ ಸಹಜ ನಡವಳಿಕೆ, ಕೇಳುವುದಿಲ್ಲ, ಹೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಬಳಸುವ ಬ್ಯಾಶ್ ಶೆಲ್ಲಿನ ಸೆಟ್ಟಿಂಗಿನಲ್ಲಿ, ಎಂವಿ ಎಂದರೆ ‘ಕೇಳಿಯೇ ಮಾಡು’ ಎಂದು ಅರ್ಥವಾಗುವಂತೆ ಅಲಿಯಾಸ್ ಬರೆದಿಟ್ಟಿದ್ದೆ. ಟರ್ಮಿನಲ್ಲಿನಲ್ಲಿ ಕೈಯಾರೆ ಕೊಟ್ಟಾಗಲೆಲ್ಲ ಅದು ಕೇಳುತ್ತಿತ್ತು. ಆದರೆ ಸ್ಕ್ರಿಪ್ಟ್ ಓಡುವಾಗ ಬ್ಯಾಶ್ ಅಲಿಯಾಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾವಲು ಇದೆ ಎಂದು ನಾನು ನಂಬಿದ್ದ ಜಾಗದಲ್ಲಿ ಕಾವಲು ಇರಲಿಲ್ಲ. ಅಳಿಸುವ ಕಮಾಂಡ್ ‘ಆರ್‌ಎಂ’ ಎಂದರೆ ಮಾತ್ರ ನನಗೆ ಭಯವಿತ್ತು. 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದು ಸ್ಪೇಸ್ ಹೆಚ್ಚಿಗೆ ಬಿದ್ದು, ಹಾಕಿಕೊಂಡವರ ಸಿಸ್ಟಮ್ಮಿನ ಮುಖ್ಯ ಫೋಲ್ಡರೊಂದು ಅಳಿಸಿಹೋದ ಕಥೆ ಲಿನಕ್ಸಿಗರಿಗೆಲ್ಲ ಗೊತ್ತು. ಅದನ್ನು ಓದಿ, ಆರ್‌ಎಂ ಬರುವ ಸಾಲನ್ನು ಎರಡೆರಡು ಸಲ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಹೆಸರು ಬದಲಿಸುವ ಕಮಾಂಡೂ ಅಳಿಸುವ ಕಮಾಂಡೇ ಎಂದು ಅಂದಿನವರೆಗೆ ಮನಸ್ಸಿಗೆ ನಾಟಿರಲಿಲ್ಲ.

ಮಾವನಿಗೆ ಅಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲಾ ಹೋಯ್ತೇನಪ್ಪಾ?’ ಎಂದರು. ಅವರು ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ‘ಅವ್ರಲ್ಲಿ ಮೂರು ಜನ ಈಗಿಲ್ಲ. ಮತ್ತೆ ಹೋಗಿ ಹಾಡ್ಸೋ ಹಂಗೂ ಇಲ್ಲ’ ಎಂದು ಮಾತ್ರ ಹೇಳಿದರು.

ಫೈಲಿನ ಹೆಸರಷ್ಟೇ ಬದಲಾಗುವಾಗ ಹಾಡಿನ ದತ್ತಾಂಶ ಕಾರ್ಡಿನಲ್ಲಿ ಇದ್ದಲ್ಲೇ ಇರುತ್ತದೆ. ಮೇಲೆ ಕೂತ ಫೈಲಿನಿಂದಾಗಿ ಹಿಂದಿನದರ ಜಾಗ ‘ಖಾಲಿ’ ಎಂದು ಪಟ್ಟಿಯಾಗುತ್ತದೆಯೇ ವಿನಾ ತಕ್ಷಣ ಅಳಿಯುವುದಿಲ್ಲ. ಹೊಸದೇನಾದರೂ ಅಲ್ಲಿ ಬಂದು ಬರೆಯುವವರೆಗೂ ಆಸೆ ಇರುತ್ತದೆ. ಕ್ರಿಸ್ತೋಫ್ ಗ್ರೆನಿಯೆ ಬರೆದ ಫೋಟೊರೆಕ್ ಎಂಬ ಕಮಾಂಡ್ ಲೈನ್ ತಂತ್ರಾಂಶ ಇಂಥ ಹೊತ್ತಿಗೇ ಇರುವುದು. ಅದು ಫೋಲ್ಡರು, ಹೆಸರು ಯಾವುದನ್ನೂ ನೋಡದೆ ಕಾರ್ಡಿನ ಉದ್ದಕ್ಕೂ ಓದುತ್ತಾ ಹೋಗಿ, ಎಂಪಿ3ಯ ಗುರುತು ಕಂಡಲ್ಲಿ ಎತ್ತಿಕೊಳ್ಳುತ್ತದೆ. ಕಾರ್ಡಿನ ಬೈಟು ಬೈಟನ್ನೂ ಒಂದು ಇಮೇಜ್ ಫೈಲಾಗಿ ತೆಗೆದುಕೊಂಡು ಅದರ ಮೇಲೆ ಫೋಟೊರೆಕ್ ಓಡಿಸಿದೆ. ನಾಮಕರಣದ ವಿಡಿಯೊ ಕೂತಿದ್ದ ಜಾಗದಲ್ಲಿದ್ದ ಹಾಡುಗಳು ಹೋಗಿದ್ದವು. ಮಿಕ್ಕವು ಸಿಕ್ಕವು, ಕೆಲವು ಇಡಿಯಾಗಿ, ಕೆಲವು ಅರ್ಧಕ್ಕೆ ತುಂಡಾಗಿ. ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ. ಎಫ್ ಅಕ್ಷರದ ಮುಂದೆ ಏಳಂಕಿಯ ಸಂಖ್ಯೆ, ಅದೇ ಹೆಸರು.

ಮಾವ ಹಾಡುಗಳನ್ನು ಒಂದೊಂದಾಗಿ ಕೇಳಿ ಹೆಸರು ಹೇಳಿದರು. ಯಾವ ಅಜ್ಜಿ, ಯಾವ ಊರು, ಯಾವ ಪದ ಎಂಬುದು ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಕೆಲವಕ್ಕೆ ಹಾಡು ಶುರುವಾಗುವ ಮುಂಚಿನ ಸದ್ದೇ ಸಾಕಿತ್ತು. ‘ಇದು ಅವರ ಮನೆ ಕೊಟ್ಟಿಗೆ, ಕರು ಕೂಗ್ತಿದೆ ನೋಡು’ ಎನ್ನುವರು. ತುಂಡಾದದ್ದು ಬಂದಾಗ ಮುಂದಿನ ಸಾಲು ಏನಿತ್ತೆಂದು ತಾವೇ ಹೇಳಿ, ಬರೆದುಕೋ ಎನ್ನುತ್ತಿದ್ದರು. ಹೆಸರು ಎನ್ನುವುದು ಫೈಲಿನ ಮೇಲಿನ ಚೀಟಿ, ಒಳಗಿನದು ಮುಖ್ಯ ಎಂದು ನಾನು ಅಸಡ್ಡೆಯಿಂದ ಇದ್ದೆ. ಆ ಚೀಟಿಯನ್ನು ಬರೆಯಲು ಬೇಕಾದ ತಿಳಿವಳಿಕೆ ಇಡೀ ಜಿಲ್ಲೆಯಲ್ಲಿ ಬಹುಶಃ ಒಬ್ಬರಿಗೇ ಇತ್ತು. ನಾನು ಅಳಿಸಿದ್ದು ಆ ಚೀಟಿಗಳನ್ನೂ.

ಚೊಕ್ಕವನ್ನು ಎಸೆದುಬಿಡಬೇಕೆಂದು ಅನ್ನಿಸಿತು. ಆದರೆ ಸಿಕ್ಕ ಹಾಡುಗಳಿಗೆ ಹೆಸರಿಡುವ ಕೆಲಸವೇ ಈಗ ಕಣ್ಣೆದುರು ಇತ್ತು. ಹೊಸದಾಗಿ ಪೈಥಾನಿನಲ್ಲಿ ಬರೆದೆ. ಪೈಥಾನ್‌ಗೆ ಯೂನಿಕೋಡ್ ಗೊತ್ತು, ಅಕ್ಷರ ಯಾವುದು ಎಂದು ಅದನ್ನೇ ಕೇಳಿದರಾಯಿತು ಎಂಬ ಧೈರ್ಯ. ಈ ಸಲ ಒಂದು ಬದಲಾವಣೆ ಮಾಡಿದ್ದೆ: ಸ್ಕ್ರಿಪ್ಟ್ ಹೆಸರು ಬದಲಿಸುವ ಮುಂಚೆ, ಎಡಕ್ಕೆ ಹಳೇ ಹೆಸರು ಬಲಕ್ಕೆ ಹೊಸ ಹೆಸರು ಇರುವ ಪಟ್ಟಿಯೊಂದನ್ನು ತೋರಿಸಿ ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಾವ ಕನ್ನಡಕ ಸರಿಪಡಿಸಿಕೊಂಡು ಪಟ್ಟಿ ನೋಡಿದರು. ‘ಇದೇನಪ್ಪಾ, ಬೀಸುವ ಪದ ಬಸವ ಪದ ಆಗಿದೆ?’

ನಿಜ. ಬಲಗಡೆಯ ಸಾಲಿನ ತುಂಬ ‘ಬಸವ_ಪದ’. ‘ಸೋಬಾನೆ’ ಇದ್ದದ್ದು ‘ಸಬನ’. ‘ಕೋಲಾಟ’ ಇದ್ದದ್ದು ‘ಕಲಟ’. ಪೈಥಾನಿನ ಜೊತೆಗೇ ಬರುವ ಪ್ಯಾಟರ್ನ್ ಹುಡುಕುವ ಮಾಡ್ಯೂಲು ‘ಪದದೊಳಗಿನ ಅಕ್ಷರ’ ಎಂದಾಗ ಮೂಲಾಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್‌ಗಳನ್ನಷ್ಟೇ ಎಣಿಸುತ್ತದೆ. ಗುಡಿಸು, ಕೊಂಬು, ಏತ್ವ, ಓತ್ವ, ಸೊನ್ನೆ, ಒತ್ತು ಕೂಡಿಸುವ ಹಲಂತ ಯಾವುದೂ ಅದರ ಲೆಕ್ಕದಲ್ಲಿ ಅಕ್ಷರವಲ್ಲ. ಯೂನಿಕೋಡಿನಲ್ಲಿ ಇವು ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಪರ್ಲ್ ಭಾಷೆ ಇವನ್ನು ಪದದ ಭಾಗವಾಗಿಯೇ ನೋಡುತ್ತದೆ. ಪೈಥಾನಿಗೂ ಹಾಗೆ ನೋಡುವ ಬೇರೆ ಮಾಡ್ಯೂಲು ಇದೆ. ಅದನ್ನು ಆಮೇಲೆ ಕಲಿತೆ. ಮಾವನಿಗೆ ಇದಾವುದೂ ಗೊತ್ತಿರಬೇಕಿರಲಿಲ್ಲ. ಪಟ್ಟಿ ಕನ್ನಡದಲ್ಲಿತ್ತು, ಅವರು ಓದಿದರು, ಅಷ್ಟೆ. ಮೊದಲಿನ ಚೊಕ್ಕ ಹೀಗೊಂದು ಪಟ್ಟಿ ತೋರಿಸಿದ್ದರೆ ಬಲಗಡೆ ಸಾಲು ಸಾಲಾಗಿ ‘.ಎಂಪಿ3’ ಎಂದು ಕಂಡು ನನ್ನ ಕೈ ತಡೆಯುತ್ತಿತ್ತು.

ಆಮೇಲೆ ನನ್ನ ಬಿನ್ ಫೋಲ್ಡರನ್ನೇ ಬೇರೆ ಕಣ್ಣಿನಿಂದ ನೋಡಿದೆ. ಮೌನವಾಗಿ ಕೆಲಸ ಮಾಡುವುದು ಯುನಿಕ್ಸ್ ಕಮಾಂಡುಗಳ ಹಳೆಯ ಶಿಸ್ತು. ಅದಕ್ಕೆ ಕಾರಣವೂ ಇದೆ. ಡಗ್ ಮ್ಯಾಕಿಲ್‌ರಾಯ್ ವರ್ಷಗಟ್ಟಲೆ ಪಟ್ಟು ಹಿಡಿದು, 1973ರಲ್ಲಿ ಕೆನ್ ಥಾಂಪ್ಸನ್ ಕೈಯಲ್ಲಿ ಯುನಿಕ್ಸಿಗೆ ಪೈಪ್ ಸೇರಿಸಿದರು. ಒಂದು ಕಮಾಂಡಿನ ಬಾಯಿಂದ ಬಂದದ್ದು ಇನ್ನೊಂದರ ಕಿವಿಗೆ ನೇರ ಹೋಗುವಾಗ, ನಡುವೆ ‘ಆಯಿತು’, ‘ಮುಗಿಯಿತು’ ಎಂಬ ಮಾತುಗಳು ಸೇರಿದರೆ ಮುಂದಿನ ಕಮಾಂಡಿಗೆ ಅವು ದತ್ತಾಂಶವಾಗಿಬಿಡುತ್ತವೆ. ಆದ್ದರಿಂದ ಮೌನ. ಆದರೆ ಅದು ಗ್ರೆಪ್, ಸಾರ್ಟ್, ಕಟ್ ಮುಂತಾದ ಫಿಲ್ಟರುಗಳ ಶಿಸ್ತು. ಅವು ಮೂಲ ಫೈಲನ್ನು ಮುಟ್ಟುವುದಿಲ್ಲ. ಟಿಆರ್‌ನಲ್ಲಿ ಎಷ್ಟು ತಪ್ಪು ಮಾಡಿದರೂ ತೆರೆಯ ಮೇಲೆ ತಪ್ಪು ಸಾಲು ಬರುತ್ತದೆ, ತಿದ್ದಿ ಮತ್ತೆ ಓಡಿಸಬಹುದು. ಎಂವಿ ಆ ಜಾತಿಯದಲ್ಲ. ಅದು ಜಗತ್ತನ್ನು ಬದಲಿಸುತ್ತದೆ. ನಾನು ಎರಡನ್ನೂ ಒಂದೇ ಲೂಪಿನೊಳಗೆ ಕೂಡಿಸಿ, ಫಿಲ್ಟರಿನ ಮೌನವನ್ನು ಎಂವಿಗೂ ಹೊದಿಸಿದ್ದೆ.

ಈಗ ಚೊಕ್ಕ ಎರಡು ಕಮಾಂಡು. ಒಂದು ಯೋಚಿಸುವುದು: ಹೆಸರುಗಳನ್ನು ಓದಿ ಹಳತು–ಹೊಸತರ ಪಟ್ಟಿ ಬರೆಯುತ್ತದೆ, ಫೈಲಿಗೆ ಕೈ ಹಾಕುವುದಿಲ್ಲ. ಇನ್ನೊಂದು ಮಾಡುವುದು: ಆ ಪಟ್ಟಿಯನ್ನು ಓದಿ ಹೆಸರು ಬದಲಿಸುತ್ತದೆ, ಸ್ವಂತ ಬುದ್ಧಿ ಓಡಿಸುವುದಿಲ್ಲ. ನಡುವೆ ಪಟ್ಟಿ ಒಂದು ಸಾದಾ ಫೈಲಾಗಿ ಇರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಹೊಸ ಹೆಸರುಗಳಲ್ಲಿ ಯಾವುದಾದರೂ ಎರಡು ಒಂದೇ ಆಗಿದ್ದರೆ ಎರಡನೆಯ ಕಮಾಂಡು ಮೊದಲ ಫೈಲನ್ನೂ ಮುಟ್ಟದೆ ನಿಲ್ಲುತ್ತದೆ. ಮುಗಿದ ಮೇಲೂ ಪಟ್ಟಿ ಉಳಿಯುವುದರಿಂದ ತಿರುಗುಮುರುಗಾಗಿ ಓಡಿಸಿದರೆ ಹಳೇ ಹೆಸರುಗಳು ವಾಪಸ್ಸು. ಇದೇನೂ ನನ್ನ ಶೋಧವಲ್ಲ. ಜೋಯಿ ಹೆಸ್ ಅವರ ಮೋರ್‌ಯುಟಿಲ್ಸ್‌ನಲ್ಲಿ ‘ವಿಐಡಿಐಆರ್’ ಎಂಬುದಿದೆ. ಫೋಲ್ಡರಿನ ಹೆಸರುಗಳನ್ನು ಎಡಿಟರಿನಲ್ಲಿ ತೆರೆದು ತೋರಿಸುತ್ತದೆ, ತಿದ್ದಿ ಸೇವ್ ಮಾಡಿದ ಮೇಲಷ್ಟೇ ಬದಲಿಸುತ್ತದೆ. ಪರ್ಲಿನಲ್ಲಿ ಬರೆದ ‘ರೀನೇಮ್’ ಕಮಾಂಡಿಗೆ ಮೈನಸ್ ಎನ್ ಕೊಟ್ಟರೆ ಏನು ಮಾಡಲಿದ್ದೇನೆಂದು ಹೇಳಿ ಸುಮ್ಮನಾಗುತ್ತದೆ. (ಎಂವಿಯಲ್ಲಿ ಅದೇ ಮೈನಸ್ ಎನ್ ಎಂದರೆ ‘ಇರುವುದರ ಮೇಲೆ ಬರೆಯಬೇಡ’ ಎಂದು, ಒಂದರ ರೂಢಿಯನ್ನು ಇನ್ನೊಂದಕ್ಕೆ ಹಚ್ಚಬಾರದು.) ನಮ್ಮ ಮನೆಯ ಸ್ಕ್ರಿಪ್ಟುಗಳಿಗೆ ಇಷ್ಟೆಲ್ಲ ಯಾಕೆ ಎಂದುಕೊಂಡಿದ್ದೆ. ಸಾವಿರಾರು ಜನ ಬಳಸುವ ತಂತ್ರಾಂಶದಲ್ಲಿ ಯಾರಾದರೊಬ್ಬರು ತಪ್ಪು ಹಿಡಿಯುತ್ತಾರೆ. ನನ್ನೊಬ್ಬನ ಸ್ಕ್ರಿಪ್ಟಿಗೆ ಆ ಭಾಗ್ಯವಿಲ್ಲ, ಆದ್ದರಿಂದ ಅದಕ್ಕೇ ಇದು ಹೆಚ್ಚು ಬೇಕು.

ಯಾವುದನ್ನು ಉಳಿಸಬೇಕು ಎಂಬ ಪಟ್ಟಿಯನ್ನೂ ಬಿಟ್ಟೆ. ಉಳಿಸುವ ಪಟ್ಟಿಯಲ್ಲಿ ನನಗೆ ನೆನಪಾದದ್ದು ಮಾತ್ರ ಇರುತ್ತದೆ. ಈಗ ಚೊಕ್ಕ ನಿಜವಾಗಿ ತೊಂದರೆ ಕೊಡುವವುಗಳನ್ನು ಮಾತ್ರ ತೆಗೆಯುತ್ತದೆ: ಸ್ಪೇಸ್, ಹೆಸರಿನ ನಡುವಿನ ಹೊಸಸಾಲು, ಮೊದಲಿಗೆ ಬರುವ ಹೈಫನ್, ಶೆಲ್‌ಗೆ ವಿಶೇಷ ಅರ್ಥವಿರುವ ಕೆಲವು ಚಿಹ್ನೆ. ಪರೀಕ್ಷೆಗೆಂದೇ ಒಂದು ಫೋಲ್ಡರ್ ಇಟ್ಟಿದ್ದೇನೆ. ಅದರಲ್ಲಿ ಕೀಟಲೆಯ ಹೆಸರುಗಳೆಲ್ಲ ಇವೆ. ಕನ್ನಡ ಅಂಕಿಯದು, ‘ಟೇಪ್‌ರೆಕಾರ್ಡರ್’ ಎಂದು ನಡುವೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತ ಇರುವಂಥದ್ದು (ಅದನ್ನು ತೆಗೆದರೆ ‘ಟೇಪ್ರೆಕಾರ್ಡರ್’ ಆಗುತ್ತದೆ), 85 ಕನ್ನಡ ಸಂಕೇತಗಳ ಉದ್ದನೆಯದು. ಹೆಸರಿಗೆ ಲಿನಕ್ಸ್ ಕೊಡುವುದು 255 ಬೈಟು, ಕನ್ನಡದಲ್ಲಿ ಅಷ್ಟಕ್ಕೇ ಮುಗಿಯುತ್ತದೆ.

ಆ ಫೋಲ್ಡರಿಗೆ ಇತ್ತೀಚೆಗೆ ಸೇರಿದ್ದು ಒಂದು ಜೋಡಿ. ಮಾವ ಹಿಂದೆ ಒಂದು ಊರಿನ ಹಾಡುಗಳನ್ನು ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದು ನೆನಪಾಗಿ ಕೇಳಿದರು. ಆಕೆ ತನ್ನ ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದಳು. ಹೋದವೆಂದುಕೊಂಡಿದ್ದ ಕೆಲವು ಹಾಡು ಅದರಲ್ಲಿದ್ದವು. ನಮ್ಮ ಹಾಡುಗಳ ಜೊತೆಗೇ ಬಿಡಿಸಿ ನೋಡಿದರೆ ಒಂದೇ ಫೋಲ್ಡರಿನಲ್ಲಿ ‘ಕೋಲಾಟ’ ಎಂಬ ಫೈಲು ಎರಡು. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಮ್ಮದರಲ್ಲಿ ‘ಕೋ’ದ ಓತ್ವ ಒಂದೇ ಸಂಕೇತ. ಹಳೆಯ ಮ್ಯಾಕ್ ಅದನ್ನು ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಎಂದು ಮೂರಾಗಿ ಬಿಡಿಸಿ ಇಡುತ್ತದೆ. ಒಂದರಲ್ಲಿ 15 ಬೈಟು, ಇನ್ನೊಂದರಲ್ಲಿ 21. ಲಿನಕ್ಸಿಗೆ ಅವು ಎರಡು ಬೇರೆ ಹೆಸರು. ಎರಡನ್ನೂ ಒಂದೇ ರೂಪಕ್ಕೆ ತಂದರೆ ಒಂದರ ಮೇಲೊಂದು ಬೀಳುತ್ತವೆ. ಇಂಥ ಜೋಡಿ ಸಿಕ್ಕಾಗ ಚೊಕ್ಕ ಎರಡೂ ಹೆಸರು, ಗಾತ್ರ, ತಾರೀಕು ತೋರಿಸಿ ನಿಲ್ಲುತ್ತದೆ. ಮಾವ ಎರಡನ್ನೂ ಹಾಕಿಸಿ ಕೇಳಿದರು. ಒಂದೇ ಹಾಡು, ಆದರೆ ಬೇರೆ ಬೇರೆ ದಿನದ್ದಂತೆ. ಎರಡನೆಯದರಲ್ಲಿ ಇನ್ನೊಂದು ನುಡಿ ಹೆಚ್ಚಿಗೆ ಇದೆ. ಎರಡನ್ನೂ ಇಟ್ಟುಕೊಂಡೆವು. ಹೆಸರಿನ ಮುಂದೆ ೧, ೨ ಎಂದು ಅವರೇ ಟೈಪ್ ಮಾಡಿದರು.